ಬಾಕ್ಸ್ ಇಳಿಸುವ ಮೊದಲು ಮೇಸ್ತ್ರಿಯ ಕಿವಿಗೆ ಕೂಲಿ ಕೊಡಿ

"ಸೌಂಡ್ ಬತ್ತಾ ಅದೆ ಅಂದ್ರೆ ಬಾಕ್ಸ್ ಇಳುಸ್ಲೇಬೇಕು ಕಣಣ್ಣ."

ನಂಜನಗೂಡಿನ ಗ್ಯಾರೇಜಿನಲ್ಲಾಗಲಿ, ತಿ. ನರಸೀಪುರದ ಗ್ಯಾರೇಜಿನಲ್ಲಾಗಲಿ ಈ ಮಾತು ಕೇಳದ ಗಾಡಿ ಮಾಲೀಕರು ಕಡಿಮೆ. ಗೇರ್ ಬಾಕ್ಸ್ ಕಡೆಯಿಂದ ಗುಂಯ್ ಅಂತಲೋ ಕರಕರ ಅಂತಲೋ ಶಬ್ದ ಬಂತು ಅಂದರೆ ಸಾಕು, ಗಾಡಿ ಗುಂಡಿ ಮೇಲೆ ಹತ್ತುತ್ತದೆ, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುತ್ತಾರೆ, ಬಾಕ್ಸ್ ಕೆಳಗಿಳಿಯುತ್ತದೆ. ಬಿಚ್ಚಿ ಹರಡಿದ ಮೇಲೆ ಹುಡುಕಾಟ ಶುರು. ಬೇರಿಂಗು ನಾಲ್ಕು ಬದಲಾಯಿಸಿ, ಸಿಂಕ್ರೋ ರಿಂಗು ಎರಡು ಹಾಕಿ, ಆಯಿಲ್ ಸೀಲು ಹೊಸದು ಬಡಿದು, ಮತ್ತೆ ಏರಿಸುತ್ತಾರೆ. ಮೂರನೇ ದಿನ ಹುಲ್ಲಹಳ್ಳಿ ರಸ್ತೆಯಲ್ಲೋ ಬನ್ನೂರು ರಸ್ತೆಯಲ್ಲೋ ಅದೇ ಗುಂಯ್ ಮತ್ತೆ ಕೇಳಿಸುತ್ತದೆ. ಯಾಕೆಂದರೆ ಶಬ್ದ ಮಾಡುತ್ತಿದ್ದುದು ಬಾಕ್ಸ್ ಅಲ್ಲವೇ ಅಲ್ಲ, ಹಿಂದಿನ ಚಕ್ರದ ಬೇರಿಂಗು.

ಇಂಥ ಕಥೆಗಳನ್ನು ನಮಗೆ ಓದುಗರು ಹೇಳುತ್ತಲೇ ಇರುತ್ತಾರೆ. ಕೊನೆಗೆ ಎಲ್ಲರೂ ಒಂದೇ ತೀರ್ಪಿಗೆ ಬರುತ್ತಾರೆ: "ಮೆಕ್ಯಾನಿಕ್‌ಗಳು ಮೋಸಗಾರರು." ನಮ್ಮ ಅಭಿಪ್ರಾಯ ಬೇರೆ. ಮೋಸ ಮಾಡುವವರು ಎಲ್ಲ ಕಸುಬಿನಲ್ಲೂ ಇದ್ದಾರೆ, ಪತ್ರಿಕೋದ್ಯಮದಲ್ಲೂ ಇದ್ದಾರೆ. ಆದರೆ ಇಲ್ಲಿ ಕಾಯಿಲೆಯ ಬೇರು ಇರುವುದು ನಾವು ಕೂಲಿ ಕೊಡುವ ರೀತಿಯಲ್ಲಿ. ಡಾಕ್ಟರ್ ಸ್ಟೆತೋಸ್ಕೋಪ್ ಇಟ್ಟು "ಏನೂ ಇಲ್ಲ, ಹೋಗಿ" ಅಂದರೂ ನಾವು ಫೀಸು ಕೊಡುತ್ತೇವೆ. ಮೇಸ್ತ್ರಿ ಅರ್ಧ ಗಂಟೆ ಗಾಡಿ ಓಡಿಸಿ, ಕಿವಿಗೊಟ್ಟು ಕೇಳಿ, "ಬಾಕ್ಸ್ ಚೆನ್ನಾಗದೆ, ಕ್ರಾಸ್ ಹೋಗದೆ ಅಷ್ಟೆ" ಅಂದರೆ ಅವನಿಗೆ ಒಂದು ಟೀ ಕುಡಿಸಿ ಹೊರಡುತ್ತೇವೆ. ಸ್ಪ್ಯಾನರ್ ಹಿಡಿದ ಕೈಗೆ ಮಾತ್ರ ದುಡ್ಡು, ಕೇಳಿದ ಕಿವಿಗೆ ಇಲ್ಲ. ಹಾಗಿದ್ದ ಮೇಲೆ ಅವನು ಬಾಕ್ಸ್ ಇಳಿಸದೆ ಇನ್ನೇನು ಮಾಡಬೇಕು?

ಇದು ಸಣ್ಣ ವಿಷಯ ಅಲ್ಲ. ಕಬ್ಬಿನ ಕಾಲದಲ್ಲಿ ಅಳಗಂಚಿ ಕಾರ್ಖಾನೆಗೆ ಹೊಡೆಯುವ ಟ್ರ್ಯಾಕ್ಟರು ನಾಲ್ಕು ದಿನ ಗ್ಯಾರೇಜಿನಲ್ಲಿ ಮಲಗಿದರೆ ಕಟಾವಿನ ಸರದಿ ತಪ್ಪುತ್ತದೆ. ನಾಲೆಗೆ ನೀರು ಬಿಟ್ಟ ವಾರದಲ್ಲಿ ಉಳುವ ಗಾಡಿ ನಿಂತರೆ ನಾಟಿ ಹಿಂದೆ ಬೀಳುತ್ತದೆ. ಬಾಳೆ, ತರಕಾರಿ ತುಂಬಿಕೊಂಡು ಮೈಸೂರಿಗೆ ಹೋಗುವ ಪಿಕಪ್ ಮೇಲೆ ಫೈನಾನ್ಸ್ ಕಂತು ಇರುತ್ತದೆ. ಗಾಡಿ ನಿಂತರೂ ಕಂತು ನಿಲ್ಲುವುದಿಲ್ಲ. ಇನ್ನು ಬಾಕ್ಸ್ ಇಳಿಸುವಾಗ ಗಾಡಿ ಅಡಿಯಲ್ಲಿ ಅಂಗಾತ ಮಲಗುವುದು ಯಾರೋ ಬಡವರ ಮನೆಯ ಹುಡುಗ. ಬೇಕಿಲ್ಲದ ಒಂದು ಇಳಿಸಾಟ ಅಂದರೆ ಬೇಕಿಲ್ಲದೆ ಒಂದು ಸಲ ಆ ಹುಡುಗನ ಎದೆಯ ಮೇಲೆ ಕಬ್ಬಿಣ ತೂಗಿಬಿಟ್ಟಂತೆ.

ಹಾಗಾಗಿ ಈ ಬರಹದಲ್ಲಿ ಸ್ವಲ್ಪ ಕಸುಬಿನ ವಿಷಯವನ್ನೇ ಮಾತಾಡೋಣ. ಮಾಲೀಕರಿಗೂ ಡ್ರೈವರ್‌ಗೂ ಇಷ್ಟು ಗೊತ್ತಿದ್ದರೆ ಮೇಸ್ತ್ರಿ ಜೊತೆ ಸಮಸಮವಾಗಿ ನಿಂತು ಮಾತಾಡಬಹುದು.

ಮೊದಲು ಶಬ್ದಕ್ಕೆ ಹೆಸರಿಡಿ. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಓದಿದ್ದು ನೆನಪಿದೆಯೇ? ಚಟಚಟ, ದಬದಬ, ಸರಸರ. ಪರೀಕ್ಷೆಗೆ ಒಂದು ಅಂಕಕ್ಕೆ ಬರುತ್ತಿತ್ತು, ಆಮೇಲೆ ಮರೆತೆವು. ಗ್ಯಾರೇಜಿನಲ್ಲಿ ಆ ಪಾಠ ಬಹಳ ಕೆಲಸಕ್ಕೆ ಬರುತ್ತದೆ. ಹಲ್ಲು ಸವೆದ ಗೇರು ಗುಂಯ್ ಅನ್ನುತ್ತದೆ, ವೇಗ ಏರಿದಂತೆ ಸ್ವರ ಏರುತ್ತದೆ. ಗುಳಿ ಬಿದ್ದ ಬೇರಿಂಗು ಗರಗರ ಅನ್ನುತ್ತದೆ. ಹಲ್ಲು ಮುರಿದಿದ್ದರೆ ಸುತ್ತಿಗೊಂದು ಸಲ ಟಕ್, ಟಕ್ ಎಂದು ತಾಳ ಹಾಕುತ್ತದೆ. ಗೇರ್ ಹಾಕುವಾಗ ಕರ್ರ್ ಅಂದರೆ ಅದು ಬೇರೆ ಕಥೆ. ಕ್ಲಚ್ ಬಿಟ್ಟ ತಕ್ಷಣ ಅಡಿಯಿಂದ ದಡ್ ಅಂದರೆ ಅದೂ ಬೇರೆ. "ಏನೋ ಸೌಂಡ್ ಅಣ್ಣ" ಅಂದರೆ ಮೇಸ್ತ್ರಿಗೆ ಏನೂ ಹೇಳಿದಂತಾಗುವುದಿಲ್ಲ. ನಮ್ಮ ಅಜ್ಜಿಯರು ಎತ್ತಿನ ಗಾಡಿಯ ಕೀಲೆಣ್ಣೆ ಆರಿದ್ದನ್ನು ಜಗಲಿ ಮೇಲೆ ಕೂತೇ ಹೇಳುತ್ತಿದ್ದರು. ನಮ್ಮ ಕಿವಿಗೆ ಆಗಿರುವುದು ಇಯರ್‌ಫೋನ್ ಕಾಯಿಲೆ.

ಎರಡನೆಯದು, ಯಾವಾಗ ಬರುತ್ತದೆ ಅನ್ನುವುದು. ಇದೇ ಮುಖ್ಯ.

ಗಾಡಿ ನಿಂತಿರಲಿ, ಇಂಜಿನ್ ಓಡುತ್ತಿರಲಿ, ಗೇರು ನ್ಯೂಟ್ರಲ್. ಕ್ಲಚ್ ಮೇಲೆ ಕಾಲಿಲ್ಲ. ಈಗ ಬಾಕ್ಸಿನೊಳಗೆ ಇಂಜಿನ್‌ನಿಂದ ಬರುವ ಇನ್‌ಪುಟ್ ಶಾಫ್ಟ್ ತಿರುಗುತ್ತಿರುತ್ತದೆ, ಅದರ ಜೊತೆ ಕೆಳಗಿನ ಕೌಂಟರ್ ಶಾಫ್ಟ್ ಕೂಡ. ಈಗ ಗರಗರ ಇದೆ, ಕ್ಲಚ್ ಪೂರ್ತಿ ತುಳಿದರೆ ನಿಲ್ಲುತ್ತದೆ ಅಂದರೆ, ಇನ್‌ಪುಟ್ ಶಾಫ್ಟಿನ ಬೇರಿಂಗು ಅಥವಾ ಕೌಂಟರ್ ಶಾಫ್ಟಿನ ಬೇರಿಂಗಿನ ಮೇಲೆ ಅನುಮಾನ ಪಡಬೇಕು. ಕ್ಲಚ್ ತುಳಿದಾಗ ಆ ಎರಡೂ ಶಾಫ್ಟ್ ನಿಲ್ಲುತ್ತವಲ್ಲ, ಅದಕ್ಕೆ. ಐಡಲ್‌ನಲ್ಲಿ ಸಣ್ಣ ಟಕಟಕ ಕೆಲವು ಗಾಡಿಗಳಲ್ಲಿ ಮಾಮೂಲಿ, ಅದಕ್ಕೆಲ್ಲ ಹೆದರಬೇಕಿಲ್ಲ.

ತಿರುಗುಮುರುಗು ಆದರೆ? ಕಾಲು ತೆಗೆದಾಗ ನಿಶ್ಶಬ್ದ, ಕ್ಲಚ್ ತುಳಿದಾಗ ಕಿರ್ರ್ ಅನ್ನುತ್ತದೆ. ಆಗ ಅದು ಬಾಕ್ಸ್ ಅಲ್ಲ, ಕ್ಲಚ್ಚಿನ ರಿಲೀಸ್ ಬೇರಿಂಗು. ಅದನ್ನು ಬದಲಾಯಿಸಲು ಬಹಳಷ್ಟು ಗಾಡಿಗಳಲ್ಲಿ ಬಾಕ್ಸ್ ಹಿಂದಕ್ಕೆ ಎಳೆಯಬೇಕಾಗುತ್ತದೆ ನಿಜ, ಆದರೆ ಬಾಕ್ಸ್ ಬಿಚ್ಚುವ ಅಗತ್ಯ ಇಲ್ಲ. ಈ ವ್ಯತ್ಯಾಸ ನೆನಪಿಡಿ: ಇಳಿಸುವುದು ಬೇರೆ, ಬಿಚ್ಚುವುದು ಬೇರೆ. ಬಿಲ್ಲಿನಲ್ಲಿ ಈ ಎರಡರ ನಡುವೆ ಇರುವ ಅಂತರ ದೊಡ್ಡದು.

ಇನ್ನು ಓಡಿಸುವಾಗ. ಒಂದೇ ಗೇರಿನಲ್ಲಿ ಶಬ್ದ ಬಂದು ಉಳಿದವುಗಳಲ್ಲಿ ಇಲ್ಲದಿದ್ದರೆ ಆ ಗೇರಿನ ಹಲ್ಲು ಅಥವಾ ಅದರ ಬೇರಿಂಗಿನದೇ ತಪ್ಪು. ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಐದು ಗೇರಿನ ಪಿಕಪ್, ಜೀಪುಗಳಲ್ಲಿ ಒಂದು ಸೊಗಸಾದ ಪರೀಕ್ಷೆ ಇದೆ. ಇವುಗಳಲ್ಲಿ ಹೆಚ್ಚಿನವುಗಳ ನಾಲ್ಕನೇ ಗೇರು ಡೈರೆಕ್ಟ್. ಅಂದರೆ ಶಕ್ತಿ ಕೆಳಗಿನ ಕೌಂಟರ್ ಶಾಫ್ಟಿಗೆ ಇಳಿಯದೆ ನೇರವಾಗಿ ಹಿಂದಕ್ಕೆ ಹೋಗುತ್ತದೆ. ಕೌಂಟರ್ ಶಾಫ್ಟ್ ಆಗ ಭಾರವಿಲ್ಲದೆ ಸುಮ್ಮನೆ ತಿರುಗುತ್ತಿರುತ್ತದೆ. ಹಾಗಾಗಿ ಒಂದು, ಎರಡು, ಮೂರು, ಐದರಲ್ಲಿ ಗುಂಯ್ ಅಂದು ನಾಲ್ಕರಲ್ಲಿ ಮಾತ್ರ ತಣ್ಣಗಾದರೆ ಕೌಂಟರ್ ಶಾಫ್ಟಿನ ಬೇರಿಂಗೋ ಹಲ್ಲೋ ಸವೆದಿದೆ ಎಂದು ರಸ್ತೆಯಲ್ಲೇ ಹೇಳಬಹುದು. ಬಾಕ್ಸ್ ಮುಟ್ಟದೆ. ಈ ಲೆಕ್ಕ ಟ್ರ್ಯಾಕ್ಟರಿಗೆ, ಮುಂದಿನ ಚಕ್ರ ಎಳೆಯುವ ಕಾರಿಗೆ ನಡೆಯುವುದಿಲ್ಲ, ಅವುಗಳ ಒಳಗಿನ ಜೋಡಣೆ ಬೇರೆ.

ಎಲ್ಲಕ್ಕಿಂತ ಹೆಚ್ಚು ದುಡ್ಡು ಉಳಿಸುವ ಪರೀಕ್ಷೆ ಇನ್ನೊಂದಿದೆ. ಖಾಲಿ, ನೇರ, ಸಮತಟ್ಟಾದ ರಸ್ತೆಯಲ್ಲಿ ಶಬ್ದ ಬರುವ ವೇಗಕ್ಕೆ ಹೋಗಿ, ಕ್ಲಚ್ ತುಳಿದು ನ್ಯೂಟ್ರಲ್ ಮಾಡಿ. ಇಂಜಿನ್ ಆಫ್ ಮಾಡಬೇಡಿ. ಮಾಡಿದರೆ ಸ್ಟೇರಿಂಗ್, ಬ್ರೇಕ್ ಎರಡೂ ಗಟ್ಟಿಯಾಗುತ್ತವೆ. ಇಂಜಿನ್ ಐಡಲ್‌ಗೆ ಇಳಿದರೂ ಶಬ್ದ ಹಾಗೇ ಇದ್ದು, ಗಾಡಿ ನಿಧಾನವಾದಂತೆ ಅದೂ ನಿಧಾನವಾದರೆ, ಅದು ಚಕ್ರದ ಜೊತೆ ತಿರುಗುವ ಸಾಮಾನು. ಚಕ್ರದ ಬೇರಿಂಗು, ಡಿಫರೆನ್ಷಿಯಲ್ಲಿನ ಕ್ರೌನ್ ಮತ್ತು ಪಿನಿಯನ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಸೆಂಟರ್ ಬೇರಿಂಗು, ಕೆಲವು ಸಲ ಏರುಪೇರಾಗಿ ಸವೆದ ಟೈರು. ಬಾಕ್ಸಿನ ಹಿಂತುದಿಯ ಬೇರಿಂಗೂ ಈ ಪಟ್ಟಿಯಲ್ಲಿದೆ, ಆದರೆ ಅದು ಕೊನೆಯಲ್ಲಿ ನೋಡಬೇಕಾದದ್ದು. ತಿರುವಿನಲ್ಲಿ ಎಡಕ್ಕೆ ವಾಲಿದಾಗ ಹೆಚ್ಚಿ ಬಲಕ್ಕೆ ವಾಲಿದಾಗ ಕಡಿಮೆಯಾದರೆ ಚಕ್ರದ ಬೇರಿಂಗೇ ಎಂದು ಹೆಚ್ಚುಕಮ್ಮಿ ಗಟ್ಟಿ ಹೇಳಬಹುದು. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಬಂದರೆ ಕ್ರೌನ್ ಪಿನಿಯನ್ ಕಡೆ ನೋಡಿ.

ಅಂದ ಹಾಗೆ ಲಾರಿ ಬಸ್ಸುಗಳ ಆಕ್ಸೆಲ್ ಮಾಡುವ ಆಟೋಮೋಟಿವ್ ಆಕ್ಸೆಲ್ಸ್ ಕಾರ್ಖಾನೆ ಇರುವುದು ನಮ್ಮ ಮೈಸೂರಿನ ಹೂಟಗಳ್ಳಿ ಕಡೆಯಲ್ಲೇ. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕು ಮಾಡಿದ ಐಡಿಯಲ್ ಜಾವಾ ಕೂಡ ಮೈಸೂರಿನದೇ. ಬಿಇಎಂಎಲ್ ಇಲ್ಲಿದೆ. ಗೇರು, ಆಕ್ಸೆಲ್ಲುಗಳ ಊರಿನ ಪಕ್ಕದಲ್ಲೇ ಬದುಕುತ್ತಿದ್ದೇವೆ. ಆದರೂ ಆ ಜ್ಞಾನ 25 ಕಿಲೋಮೀಟರ್ ದಾಟಿ ನಂಜನಗೂಡಿಗೆ ಕನ್ನಡದಲ್ಲಿ ಬರಲಿಲ್ಲ ಅನ್ನುವುದು ನಮ್ಮ ಬೇಸರ.

ಗೇರ್ ಹಾಕುವಾಗ ಕರ್ರ್ ಅನ್ನುವ ವಿಷಯಕ್ಕೆ ಬರೋಣ. ಇದರಲ್ಲೇ ಬಾಕ್ಸ್ ಅತಿ ಹೆಚ್ಚು ಸುಮ್ಮಸುಮ್ಮನೆ ಇಳಿಯುವುದು. "ಸಿಂಕ್ರೋ ಹೋಗದೆ" ಅನ್ನುತ್ತಾರೆ. ಹೋಗಿರಬಹುದು. ಆದರೆ ಕ್ಲಚ್ ಪೂರ್ತಿ ಬಿಡದಿದ್ದರೂ ಅದೇ ಕರ್ರ್ ಬರುತ್ತದೆ. ಗೊತ್ತು ಮಾಡಿಕೊಳ್ಳುವುದು ಸುಲಭ. ಗಾಡಿ ನಿಲ್ಲಿಸಿ, ಐಡಲ್‌ನಲ್ಲಿ ಕ್ಲಚ್ ಪೂರ್ತಿ ತುಳಿದು, ಹತ್ತು ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಅಷ್ಟು ಹೊತ್ತಿಗೆ ಒಳಗಿನ ಶಾಫ್ಟ್ ನಿಂತಿರಬೇಕು. ಆಗಲೂ ಕರ್ರ್ ಅಂದರೆ ಕ್ಲಚ್ ಎಳೆಯುತ್ತಿದೆ. ಕ್ಲಚ್ ಕೇಬಲ್ ಅಡ್ಜಸ್ಟ್ ಮಾಡುವುದು, ಹೈಡ್ರಾಲಿಕ್ ಇದ್ದರೆ ಆಯಿಲ್ ನೋಡಿ ಗಾಳಿ ತೆಗೆಯುವುದು ಮೊದಲ ಕೆಲಸ. ನಿಂತಾಗ ಸಲೀಸಾಗಿ ಬಿದ್ದು, ಓಡುವಾಗ ಮೂರಕ್ಕೋ ಎರಡಕ್ಕೋ ಮಾತ್ರ ಕರ್ರ್ ಅಂದರೆ ಆಗ ಆ ಗೇರಿನ ಸಿಂಕ್ರೋ ಅಂತ ಒಪ್ಪೋಣ.

ಗೇರು ತಾನಾಗಿ ಆಚೆ ಎಗರುವುದಕ್ಕೂ ಬಾಕ್ಸಿನೊಳಗೇ ಕಾರಣ ಇರಬೇಕೆಂದಿಲ್ಲ. ಬಾಕ್ಸನ್ನು ಹಿಡಿದ ಮೌಂಟಿಂಗ್ ರಬ್ಬರ್ ಹರಿದಿದ್ದರೆ ಬಾಕ್ಸೇ ಕುಣಿಯುತ್ತದೆ, ಲಿವರ್ ಎಗರುತ್ತದೆ. ಆ ದಡ್ ಶಬ್ದವೂ ಬಹಳ ಸಲ ಅಲ್ಲಿಂದಲೇ. ಸೈಲೆನ್ಸರ್ ಪೈಪು ಕ್ರಾಸ್ ಮೆಂಬರ್‌ಗೆ ತಾಗಿ ಗಡಗಡ ಅಂದದ್ದಕ್ಕೂ ಬಾಕ್ಸ್ ಇಳಿಸಿದ ಉದಾಹರಣೆ ಇದೆ. ನಗಬೇಡಿ, ಕಂತು ಕಟ್ಟುವವರಿಗೆ ನಗು ಬರುವುದಿಲ್ಲ.

ಇಷ್ಟೆಲ್ಲ ಪರೀಕ್ಷೆಗೂ ಮುಂಚೆ ಮಾಡಬೇಕಾದ ಕೆಲಸ ಇನ್ನೂ ಸಣ್ಣದು: ಆಯಿಲ್ ನೋಡುವುದು. ಇಂಜಿನ್ ಆಯಿಲ್ ಬದಲಾಯಿಸುವವರು ಗೇರ್ ಆಯಿಲ್ ಕೇಳುವುದೇ ಇಲ್ಲ, ಅದು ಗಾಡಿ ಜೊತೆ ಹುಟ್ಟಿ ಗಾಡಿ ಜೊತೆ ಸಾಯುವ ಸಾಮಾನು ಎಂಬಂತೆ. ಬಾಕ್ಸಿನ ಪಕ್ಕದಲ್ಲಿ ಒಂದು ಲೆವೆಲ್ ಪ್ಲಗ್ ಇರುತ್ತದೆ. ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ತಣ್ಣಗಾದ ಮೇಲೆ ಬಿಚ್ಚಿ. ಆಯಿಲ್ ತೂತಿನ ಕೆಳಅಂಚಿಗೆ ಇರಬೇಕು, ಬೆರಳಿಗೆ ಸಿಗಬೇಕು. ಸಿಗದಿದ್ದರೆ ಶಬ್ದಕ್ಕೆ ಅದೇ ಕಾರಣ ಇರಬಹುದು, ಜೊತೆಗೆ ಆಯಿಲ್ ಎಲ್ಲಿ ಸೋರಿತು ಅಂತಲೂ ಹುಡುಕಬೇಕು.

ಕೆಳಗಿನ ಡ್ರೇನ್ ಪ್ಲಗ್ಗಿಗೆ ಬಹಳ ಗಾಡಿಗಳಲ್ಲಿ ಆಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಇದ್ದರೆ ಸಹಜ ಸವೆತ. ಆಯಿಲ್‌ನಲ್ಲಿ ಹಳದಿ ಮಿನುಗು ಕಂಡರೆ ಹಿತ್ತಾಳೆಯ ಸಿಂಕ್ರೋ ರಿಂಗು ಸವೆಯುತ್ತಿದೆ. ಅಕ್ಕಿಕಾಳಿನಂಥ ಉಕ್ಕಿನ ಚೂರು ಸಿಕ್ಕಿದರೆ ಮಾತ್ರ ಇನ್ನು ಕೇಳುವುದೇನೂ ಇಲ್ಲ, ಬಾಕ್ಸ್ ಇಳಿಸಿ. ಓಡಿಸಿಕೊಂಡು ಮನೆಗೂ ಹೋಗಬೇಡಿ, ಆ ಚೂರು ಚೆನ್ನಾಗಿರುವ ಹಲ್ಲನ್ನೂ ತಿನ್ನುತ್ತದೆ.

ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ಆಯಿಲ್ ತಿರುಗಿದ್ದರೆ ನೀರು ಸೇರಿದೆ ಅಂತ. ಇದು ನಮ್ಮ ಎರಡು ತಾಲ್ಲೂಕಿಗೆ ವಿಶೇಷವಾಗಿ ಹೇಳಬೇಕಾದ ಮಾತು. 2018ರಲ್ಲಿ, 2019ರಲ್ಲಿ ಕಬಿನಿ ಉಕ್ಕಿ ನಂಜನಗೂಡಿನ ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿಗೇ ನೀರು ಬಂದದ್ದು ಎಲ್ಲರಿಗೂ ನೆನಪಿದೆ. ಓಡಿ ಬಿಸಿಯಾದ ಬಾಕ್ಸು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಮೇಲಿನ ಬ್ರೀದರ್ ತೂತಿನಿಂದಲೋ ಹಳೆಯ ಸೀಲಿನಿಂದಲೋ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಂದು ಏನೂ ಗೊತ್ತಾಗುವುದಿಲ್ಲ. ಬೇರಿಂಗಿಗೆ ತುಕ್ಕು ಹಿಡಿದು ಗರಗರ ಶುರುವಾಗುವ ಹೊತ್ತಿಗೆ ಪ್ರವಾಹ ಮರೆತೇ ಹೋಗಿರುತ್ತದೆ. ಕೆಸರು ಗದ್ದೆಯಲ್ಲಿ ದಿನವಿಡೀ ಉಳುವ ಟ್ರ್ಯಾಕ್ಟರಿಗೆ ಈ ಪ್ರವಾಹ ವರ್ಷವೂ ಬರುತ್ತದೆ. ನಾಟಿ ಮುಗಿದ ಮೇಲೆ ಆಯಿಲ್ ಬಣ್ಣ ನೋಡುವುದಕ್ಕೆ ಖರ್ಚಿಲ್ಲ.

ಆಯಿಲ್ ಡಬ್ಬಿ ಮೇಲಿನ ಅಕ್ಷರವನ್ನೂ ಓದಿ. ಜಿಎಲ್-4, ಜಿಎಲ್-5 ಅಂತ ಇರುತ್ತದೆ. "ಐದು ದೊಡ್ಡದು, ಇನ್ನೂ ಒಳ್ಳೇದು" ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಜಿಎಲ್-5ರಲ್ಲಿ ಡಿಫರೆನ್ಷಿಯಲ್‌ಗೆ ಬೇಕಾದ ಗಂಧಕ, ರಂಜಕದ ಸೇರ್ಪಡೆ ಹೆಚ್ಚು. ಕೆಲವು ಹಿತ್ತಾಳೆ ಸಿಂಕ್ರೋಗಳಿಗೆ ಅದು ಆಗಿಬರುವುದಿಲ್ಲ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಯಾವುದು ಬರೆದಿದೆಯೋ ಅದನ್ನೇ ಹಾಕಿಸಿ.

ಈಗ ಟ್ರಾನ್ಸ್‌ಫರ್ ಕೇಸ್. ನಮ್ಮ ಕಡೆ ಇದನ್ನು "ಫೋರ್ ವೀಲ್ ಬಾಕ್ಸ್" ಅಂದರೆ ಬೇಗ ಅರ್ಥವಾಗುತ್ತದೆ. ಗೇರ್ ಬಾಕ್ಸಿನ ಹಿಂದೆ ಕೂತು, ಬಂದ ಶಕ್ತಿಯನ್ನು ಹಿಂದಿನ ಆಕ್ಸೆಲ್‌ಗೂ ಮುಂದಿನ ಆಕ್ಸೆಲ್‌ಗೂ ಹಂಚುವ ಇನ್ನೊಂದು ಪೆಟ್ಟಿಗೆ. ಹಳೆಯ ಮಹೀಂದ್ರ ಜೀಪು, ಜಿಪ್ಸಿ, ಥಾರ್, ಫೋರ್ ವೀಲ್ ಇರುವ ಬೊಲೆರೊಗಳಲ್ಲಿ ಇದೆ. ಮಾಮೂಲಿ ಪಿಕಪ್‌ನಲ್ಲಿ ಇಲ್ಲ. ಫೋರ್ ವೀಲ್ ಟ್ರ್ಯಾಕ್ಟರಿನಲ್ಲಿ ಬೇರೆ ರೂಪದಲ್ಲಿ ಇದೇ ಕೆಲಸ ನಡೆಯುತ್ತದೆ.

ಇದರ ಶಬ್ದ ಪತ್ತೆಗೆ ಮೊದಲ ಸೂತ್ರ ಇಷ್ಟೆ: ಗಾಡಿ ನಿಂತು ಗೇರು ನ್ಯೂಟ್ರಲ್‌ನಲ್ಲಿದ್ದಾಗ ಟ್ರಾನ್ಸ್‌ಫರ್ ಕೇಸ್ ತಿರುಗುವುದೇ ಇಲ್ಲ. ಆಗ ಬರುವ ಶಬ್ದಕ್ಕೆ ಅದನ್ನು ದೂರುವಂತಿಲ್ಲ. ಲೋ ಹಾಕಿದಾಗ ಮಾತ್ರ ಬಂದರೆ ಒಳಗಿನ ಲೋ ಗೇರಿನ ಹಲ್ಲು ನೋಡಬೇಕು. ಫೋರ್ ವೀಲ್ ಹಾಕಿದಾಗ ಮಾತ್ರ ಬಂದರೆ ಮೊದಲು ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಮುಂದಿನ ಡಿಫರೆನ್ಷಿಯಲ್, ಹಬ್ಬು ನೋಡಿ, ಆಮೇಲೆ ಕೇಸಿಗೆ ಕೈ ಹಾಕಿ. ಹಳೆಯ ಜೀಪುಗಳಲ್ಲಿ ಟೂ ವೀಲಿನಲ್ಲೂ ಶಕ್ತಿ ಹಲ್ಲಿಂದ ಹಲ್ಲಿಗೆ ಇಳಿದೇ ಹೋಗಬೇಕು. ಅವುಗಳಿಗೆ ಸ್ವಲ್ಪ ಗುಂಯ್ ಹುಟ್ಟುಗುಣ. ಅದನ್ನು ವಾಸಿ ಮಾಡಲು ಹೋಗಿ ಚೆನ್ನಾಗಿದ್ದ ಜೀಪು ಕೆಡಿಸಿಕೊಂಡವರಿದ್ದಾರೆ.

ಟ್ರಾನ್ಸ್‌ಫರ್ ಕೇಸ್ ಕೆಡುವುದಕ್ಕೆ ನಮ್ಮ ಡ್ರೈವರ್‌ಗಳ ಒಂದು ಅಭ್ಯಾಸವೂ ಕಾರಣ. ತಲಕಾಡಿನ ಮರಳಲ್ಲೋ ಗದ್ದೆ ಬದಿಯ ಕೆಸರಲ್ಲೋ ಫೋರ್ ವೀಲ್ ಹಾಕಿ ಎದ್ದು ಬರುತ್ತಾರೆ, ಟಾರ್ ರಸ್ತೆಗೆ ಬಂದ ಮೇಲೂ ತೆಗೆಯುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಮರಳಲ್ಲಿ ಚಕ್ರ ಸ್ವಲ್ಪ ಜಾರಿ ಸರಿಮಾಡಿಕೊಳ್ಳುತ್ತದೆ. ಒಣ ಟಾರಿನಲ್ಲಿ ಜಾರಲು ಜಾಗವಿಲ್ಲ. ಆ ತಿಕ್ಕಾಟವೆಲ್ಲ ಶಾಫ್ಟು, ಹಲ್ಲು, ಟೈರಿನ ಮೇಲೆ ಬೀಳುತ್ತದೆ, ಲಿವರ್ ಕಚ್ಚಿಕೊಂಡು ಬರುವುದೇ ಇಲ್ಲ. ಮುಂದೆ ಸವೆದ ಟೈರು, ಹಿಂದೆ ಹೊಸ ಟೈರು ಹಾಕಿದ್ದರಂತೂ ನೇರ ರಸ್ತೆಯಲ್ಲೂ ಇದೇ ಪಾಡು. ಟ್ರ್ಯಾಕ್ಟರಿಗೂ ಇದೇ ಮಾತು: ರಸ್ತೆಗೆ ಬಂದರೆ ಟೂ ವೀಲ್.

ಪರೀಕ್ಷೆ ಎಲ್ಲ ಮುಗಿದು, ಇಳಿಸಲೇಬೇಕು ಅಂತಾಯಿತು ಎನ್ನಿ. ಆಗ ಮಾಲೀಕರು ಪಕ್ಕದಲ್ಲಿ ನಿಂತು ನೋಡಬೇಕು ಅನ್ನುವುದು ನಮ್ಮ ವಾದ. ಕಾವಲಿಗಲ್ಲ, ಅಡಿಯಲ್ಲಿ ಮಲಗುವ ಹುಡುಗನಿಗಾಗಿ.

ಟ್ರಾನ್ಸ್‌ಫರ್ ಕೇಸ್ ಲಿವರ್‌ನಲ್ಲಿ ನ್ಯೂಟ್ರಲ್ ಇರುವ ಗಾಡಿಗಳಲ್ಲಿ ಒಂದು ಅಪಾಯ ಅಡಗಿದೆ. ಅದು ನ್ಯೂಟ್ರಲ್‌ನಲ್ಲಿದ್ದರೆ ಗೇರ್ ಹಾಕಿ ನಿಲ್ಲಿಸಿದ ಗಾಡಿಯೂ ಉರುಳುತ್ತದೆ, ಇಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಕೆಲವು ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿ ಶಾಫ್ಟಿನ ಮೇಲೆ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಕ್ಷಣ ಆ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದಂತೆ. ಆದ್ದರಿಂದ ಮೊದಲು ನಾಲ್ಕೂ ಚಕ್ರಕ್ಕೆ ಮರದ ದಿಮ್ಮಿ ಕೊಡಬೇಕು. ಗಾಡಿ ಎತ್ತಿದರೆ ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂರಿಸಬೇಕು, ಬರೀ ಜಾಕ್ ಮೇಲೆ ಅಲ್ಲ. ಹಾಲೋ ಬ್ಲಾಕ್, ಇಟ್ಟಿಗೆ ಮೇಲೆ ಅಂತೂ ಖಂಡಿತ ಅಲ್ಲ. ಹಾಲೋ ಬ್ಲಾಕ್ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ.

ಆಮೇಲಿನ ಕೆಲಸಕ್ಕೆ ಒಂದು ಕ್ರಮ ಇದೆ. ಬ್ಯಾಟರಿಯ ನೆಗೆಟಿವ್ ತೆಗೆಯುವುದು. ಆಯಿಲ್ ಇಳಿಸಿ ಬಿಳಿ ಡಬ್ಬಿಯಲ್ಲಿ ಹಿಡಿಯುವುದು, ಬಣ್ಣ ಕಾಣಲಿ ಅಂತ. ಎರಡು ಪ್ರೊಪೆಲ್ಲರ್ ಶಾಫ್ಟಿನ ಜೋಡಣೆಗೂ ಬಿಚ್ಚುವ ಮೊದಲೇ ಬಣ್ಣದ ಗುರುತು ಹಾಕುವುದು. ಈ ಗುರುತು ಹಾಕದೆ ಸಿಕ್ಕಂತೆ ಏರಿಸಿದರೆ ಶಾಫ್ಟ್ ನಡುಗಿ, ಇಲ್ಲದ ಹೊಸ ಶಬ್ದ ಹುಟ್ಟಿಕೊಳ್ಳುತ್ತದೆ. ಸ್ಪೀಡೋಮೀಟರ್ ಕೇಬಲ್, ಲಿವರ್‌ನ ಕೊಂಡಿ, ಫೋರ್ ವೀಲ್ ದೀಪದ ವೈರು, ಬ್ರೀದರ್ ಪೈಪು ಕಳಚುವುದು. ಕ್ರಾಸ್ ಮೆಂಬರ್ ತೆಗೆಯುವ ಗಾಡಿಯಾದರೆ ಅದಕ್ಕೂ ಮುಂಚೆ ಗೇರ್ ಬಾಕ್ಸಿಗೆ ಅಡಿಯಿಂದ ಆಸರೆ ಕೊಡಲೇಬೇಕು. ಇಲ್ಲದಿದ್ದರೆ ಇಂಜಿನ್ನಿನ ಹಿಂಭಾಗ ಸಮೇತ ಎಲ್ಲವೂ ಕೆಳಗೆ ಜೋಲುತ್ತದೆ. ಟ್ರಾನ್ಸ್‌ಫರ್ ಕೇಸಿನ ಅಡಿಗೆ ಗೇರ್ ಬಾಕ್ಸ್ ಜಾಕ್ ಕೊಟ್ಟು, ಸರಪಳಿ ಸುತ್ತಿ, ಆಮೇಲೆ ಬೋಲ್ಟು. ನೇರವಾಗಿ ಹಿಂದಕ್ಕೆ ಎಳೆಯಬೇಕು. ಓರೆ ಮಾಡಿ ಜಗ್ಗಿದರೆ ಸೀಲು, ಶಾಫ್ಟಿನ ಗೀರು ಎರಡೂ ಹೋಗುತ್ತವೆ.

ನಮ್ಮ ಕಡೆ ಈ ಜಾಕ್ ಕೆಲಸವನ್ನು ಮಾಡುವುದು ಹುಡುಗನ ಎದೆ ಮತ್ತು ಎರಡು ಕೈ. ಎರಕದ ಕಬ್ಬಿಣದ ಆ ಪೆಟ್ಟಿಗೆ ಒಬ್ಬ ಮಲಗಿ ಹೊರುವ ತೂಕವಲ್ಲ, ಮೇಲೆ ಎಣ್ಣೆ ಜಿಡ್ಡು ಬೇರೆ. "ನಾವೂ ಹಂಗೇ ಕಲ್ತಿದ್ದು" ಅನ್ನುವ ಹಿರಿಯ ಮೇಸ್ತ್ರಿಗಳಿಗೆ ನಮ್ಮದು ಒಂದೇ ಮಾತು: ಅಣ್ಣ, ನಿಮ್ಮ ಸೊಂಟ ಈಗ ಹೇಗಿದೆ? 14 ವರ್ಷದೊಳಗಿನ ಮಕ್ಕಳನ್ನು ಗ್ಯಾರೇಜಿನಲ್ಲಿ ಕೆಲಸಕ್ಕಿಟ್ಟುಕೊಳ್ಳುವುದು ಅಪರಾಧ, ಅದರಲ್ಲಿ ಚರ್ಚೆಯೇ ಇಲ್ಲ. ದೊಡ್ಡವರಿಗಾದರೂ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರಿಗಾಗಿ 2024ರಲ್ಲಿ ರಾಜ್ಯ ಸರ್ಕಾರ ತಂದ ಸಾಮಾಜಿಕ ಭದ್ರತೆ ಕಾಯ್ದೆ ಇದೆ. ಅದರಲ್ಲಿ ಡ್ರೈವರ್, ಕ್ಲೀನರ್ ಜೊತೆಗೆ ಮೆಕ್ಯಾನಿಕ್‌ಗಳೂ ಸೇರಿದ್ದಾರೆ. ನಿಮ್ಮ ಗ್ಯಾರೇಜಿನ ಹುಡುಗರ ಹೆಸರು ನೋಂದಣಿ ಆಗಿದೆಯೇ ಎಂದು ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೇಳಿ.

ಮಾಲೀಕರ ಕಡೆಯ ಕಾನೂನೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಗೆ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಮೈಸೂರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ, 1915 ಸಹಾಯವಾಣಿ ಇದೆ. ಆದರೆ ನಿಜ ಹೇಳಬೇಕೆಂದರೆ, ನಾಳೆ ನಾಟಿಗೆ ಅದೇ ಮೇಸ್ತ್ರಿ ಬೇಕು. ಅವನ ಮೇಲೆ ಕೇಸು ಹಾಕಿ ಊರಲ್ಲಿ ಬಾಳುವುದು ಕಷ್ಟ. ಅದಕ್ಕಿಂತ ಸುಲಭ ದಾರಿ, ಬದಲಾಯಿಸಿದ ಹಳೆಯ ಬೇರಿಂಗು, ರಿಂಗು ಎಲ್ಲವನ್ನೂ ಚೀಲದಲ್ಲಿ ಹಾಕಿಕೊಡಿ ಎಂದು ಕೆಲಸ ಶುರುವಾಗುವ ಮೊದಲೇ ಹೇಳುವುದು. ಬೆರಳಲ್ಲಿ ತಿರುಗಿಸಿದರೆ ಸವೆದ ಬೇರಿಂಗು ತಾನೇ ಮಾತಾಡುತ್ತದೆ.

ಸರ್ಕಾರಕ್ಕೂ ಒಂದು ಮಾತು. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದ್ದಾರೆ, ಕಂಪ್ಯೂಟರ್ ಯಂತ್ರಗಳು ಬಂದಿವೆ, ಸಂತೋಷ. ಮೋಟಾರು ವೆಹಿಕಲ್ ಮೆಕ್ಯಾನಿಕ್ ಕೋರ್ಸಿಗೆ ಎರಡು ವರ್ಷ, ಟ್ರ್ಯಾಕ್ಟರ್ ಮೆಕ್ಯಾನಿಕ್‌ಗೆ ಒಂದು ವರ್ಷ. ಅಷ್ಟರಲ್ಲಿ ಒಂದು ವಾರ ಮೀಸಲಿಟ್ಟು ನಮ್ಮ ತಾಲ್ಲೂಕಿನ ಹಳೆ ಮೇಸ್ತ್ರಿಗಳನ್ನು ಗೌರವಧನ ಕೊಟ್ಟು ಕರೆಸಬಹುದಲ್ಲವೇ? ಉದ್ದ ಸ್ಕ್ರೂಡ್ರೈವರ್ ತುದಿಯನ್ನು ಬಾಕ್ಸಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಮೂಳೆಗೆ ಕೊಟ್ಟು, ಯಾವ ಬೇರಿಂಗು ಎಂದು ಬೆರಳಿಟ್ಟು ತೋರಿಸುವವರು ಇನ್ನೂ ಇದ್ದಾರೆ. ಅವರಲ್ಲಿ ಹಲವರು ಓದುಬರಹ ಹೆಚ್ಚಿಲ್ಲದವರು. ಅವರು ಹೋದರೆ ಆ ವಿದ್ಯೆಯೂ ಅವರ ಜೊತೆ ಹೋಗುತ್ತದೆ.

ಈ ಮಾತನ್ನು ಕೆಲವು ಮೇಸ್ತ್ರಿಗಳ ಮುಂದೆ ಇಟ್ಟಾಗ ಬಂದ ಉತ್ತರ ಖಾರವಾಗಿತ್ತು. "ನಾನು ಕೇಳಿ ಹೇಳ್ತೀನಿ, ನೀವು ಅದನ್ನ ಕೇಳ್ಕಂಡು ಇನ್ನೊಬ್ಬನ ಹತ್ರ ಕಡಿಮೆಗೆ ಮಾಡುಸ್ಕತೀರಿ. ನನ್ ಹೊಟ್ಟೆಗೇನು?" ನ್ಯಾಯವಾದ ಪ್ರಶ್ನೆ. ಅದಕ್ಕೇ ನಾವು ಹೇಳುವುದು, ಕೇಳುವುದಕ್ಕೇ ಬೇರೆ ಕೂಲಿ ಇರಲಿ. ಗಾಡಿ ಓಡಿಸಿ ನೋಡಿ ಹೇಳಿದರೆ ಸಣ್ಣ ಗಾಡಿಗೆ 300 ರೂಪಾಯಿ, ಟ್ರ್ಯಾಕ್ಟರಿಗೆ 500 ಎಂದು ಗ್ಯಾರೇಜಿನವರೇ ಗೋಡೆ ಮೇಲೆ ಬರೆಯಲಿ. ಕೆಲಸ ಅಲ್ಲೇ ಮಾಡಿಸಿದರೆ ಬಿಲ್ಲಿನಲ್ಲಿ ಕಳೆಯಲಿ, ಬೇರೆ ಕಡೆ ಹೋದರೆ ಅದು ಅವರದೇ. ಈ ಮೊತ್ತ ನಮ್ಮ ಅಂದಾಜು, ನೀವು ನಿಮ್ಮ ಊರಿಗೆ ತಕ್ಕಂತೆ ಮಾಡಿಕೊಳ್ಳಿ. ಹಾಗೆ ಬರೆದು, ಕೇಳಿದ ಮೇಲೂ ತಪ್ಪು ಹೇಳಿ ಬಾಕ್ಸ್ ಇಳಿಸಿದರೆ ಇಳಿಸಿದ ಕೂಲಿ ಕೇಳಬಾರದು, ಇದೂ ಒಪ್ಪಂದದಲ್ಲಿರಲಿ.

ಮಾಲೀಕರು ಇವತ್ತೇ ಮಾಡಬಹುದಾದದ್ದು ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ಇದೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಅವರ ಕೈಗೆ ಫೋನ್ ಕೊಡಿ, ಓಡಿಸುವವರು ಫೋನ್ ಮುಟ್ಟಬೇಡಿ. ಹಾಡು ಆಫ್, ಕಿಟಕಿ ಮುಚ್ಚಿ. ನಿಂತಾಗ ನ್ಯೂಟ್ರಲ್, ಕ್ಲಚ್ ತುಳಿದು, ಆಮೇಲೆ ಒಂದೊಂದೇ ಗೇರು, ಕೊನೆಗೆ ಓಡುತ್ತಾ ನ್ಯೂಟ್ರಲ್. ಪ್ರತಿ ಸಲ "ಈಗ ಮೂರನೇ ಗೇರು, ಈಗ ಕ್ಲಚ್ ತುಳಿದೆ" ಎಂದು ಬಾಯಲ್ಲಿ ಹೇಳುತ್ತಾ ರೆಕಾರ್ಡ್ ಮಾಡಿ. ಸಣ್ಣ ಗರಗರ ಫೋನಿಗೆ ಸಿಗದೆ ಹೋಗಬಹುದು, ಆದರೆ ನೀವು ಹೇಳಿದ ಕ್ರಮ ಮೇಸ್ತ್ರಿಗೆ ಸಿಗುತ್ತದೆ. ಅದನ್ನು ಕೇಳಿಸಿ, "ಅಣ್ಣ, ಇಳಿಸುವುದಕ್ಕೆ ಮುಂಚೆ ಒಂದು ರೌಂಡ್ ಹೋಗಿ ಬರಣ, ಕೇಳಿದ್ದಕ್ಕೆ ಬೇರೆ ದುಡ್ಡು ಕೊಡ್ತೀನಿ" ಅನ್ನಿ. ಏನಂದರು ಅಂತ ನಮಗೂ ಬರೆಯಿರಿ. ಗ್ಯಾರೇಜಿನ ಹೆಸರು ಬೇಡ, ಊರು ಮತ್ತು ಗಾಡಿ ಯಾವುದು ಅಂತ ಇದ್ದರೆ ಸಾಕು.